ಕಡತ ಮುಗಿದ ಮೇಲಿನ ಜಾಗ

ವಿರಾಜಪೇಟೆಯ ಗಡಿಯಾರ ಕಂಬದ ಹಿಂದೆ
ಛಾಪಾ ಕಾಗದದ ಅಂಗಡಿಯ ಮೇಲಿನ ಕೋಣೆ ನನ್ನದು.
ಕೆಳಗೆ ಪತ್ರ ಬರೆಯುವ ಮೊಯ್ದು ಕಾಕ.
ಅವರದು ಭೂಮಿ, ನನ್ನದು ಕರ್ನೆಲ್ಲು.
ಕಸುಬು ಒಂದೇ:
ಬೇರೆ ಯಾರೋ ಬದಲಿಸಿದ್ದನ್ನು
ಮೂರನೆಯವರಿಗೆ ತಿಳಿಯುವಂತೆ ಬರೆಯುವುದು.

ಈ ವಾರದ ಬದಲಾವಣೆ ಹನ್ನೊಂದು ಸಾಲು.
ಡಿಸ್ಕಿನಲ್ಲಿ ಮಲಗಿದ ಕಡತವನ್ನು
ಮೆಮೊರಿಯ ಮೇಲೆ ನಕ್ಷೆಯಾಗಿ ಹಾಸುವಾಗ
ಕರ್ನೆಲ್ ಅಳೆದುಕೊಡುವುದು ಪುಟದ ಲೆಕ್ಕದಲ್ಲಿ,
ಪುಟಕ್ಕೆ ನಾಲ್ಕು ಸಾವಿರದ ತೊಂಬತ್ತಾರು ಬೈಟು.
ಅರ್ಧ ಪುಟ ಹರಿದು ಕೊಡುವ ಪದ್ಧತಿ ಇಲ್ಲ.
ಕಡತ ಮೂರು ಸಾವಿರಕ್ಕೇ ಮುಗಿದರೆ
ಉಳಿದ ಸಾವಿರ ಚಿಲ್ಲರೆ
ಯಾರ ಲೆಕ್ಕಕ್ಕೂ ಸೇರದೆ ಅಲ್ಲೇ ಇರುತ್ತದೆ.
ಓದಿದರೆ ಸೊನ್ನೆ.
ಬರೆದರೆ, ಬೇಡ ಎನ್ನುವವರಿಲ್ಲ,
ಡಿಸ್ಕಿಗೆ ಒಯ್ಯುವವರೂ ಇಲ್ಲ.

ಇಲ್ಲಿ ತನಕ ಹೀಗಿತ್ತು:
ಅಲ್ಲಿ ಬರೆದದ್ದು ಸುಮ್ಮನೆ ಕೂತಿರುತ್ತಿತ್ತು.
ಮುಂದೊಮ್ಮೆ ಕಡತ ಬೆಳೆದು ಆ ಜಾಗಕ್ಕೆ ಕಾಲಿಟ್ಟಾಗ
ಹಳೆಯ ಅಕ್ಷರಗಳು
ಮೊದಲಿನಿಂದ ಒಳಗಿದ್ದವೇ ನಾವು ಎಂಬಂತೆ
ಎದ್ದು ಕಾಣುತ್ತಿದ್ದವು.
ಇನ್ನು ಮೇಲೆ, ಬೆಳೆಯುವ ಮೊದಲೇ
ಕರ್ನೆಲ್ ಅದನ್ನೆಲ್ಲ ಸೊನ್ನೆ ಮಾಡುತ್ತದೆ.

ಸರಿಯಾದ ಬದಲಾವಣೆ. ನಾನೂ ಒಪ್ಪಿದವಳೇ.
ಹನ್ನೊಂದು ಸಾಲಿಗೆ ಒಂದು ವಾಕ್ಯ ಸಾಕು.
ಮೂರು ದಿನವಾಯಿತು, ವಾಕ್ಯ ನಿಲ್ಲುತ್ತಿಲ್ಲ.

ಇಳಿದು ಹೋಗಿ ಕಾಕನ ಬೆಂಚಿನಲ್ಲಿ ಕೂತೆ.
ಯಾರದೋ ಕ್ರಯಪತ್ರದ ಚೆಕ್ಕುಬಂದಿ ಮುಗಿಸಿ
ಕಾಗದದ ಅಡಿಯಲ್ಲಿ ಉಳಿದ ಬಿಳಿಯ ಮೇಲೆ
ಮೂಲೆಯಿಂದ ಮೂಲೆಗೆ ಗೀಟು ಎಳೆದರು,
ಸ್ಕೇಲು ಇಡದೆ.
"ಖಾಲಿ ಬಿಟ್ಟರೆ ಯಾರಾದರೂ ಬಂದು ಕೂತ್ಕೊಳ್ತಾರೆ ಮೋಳೇ,
ಆಮೇಲೆ ಎಬ್ಬಿಸೋದು ಕಷ್ಟ."

ಬಾಗಿಲಲ್ಲಿ ಬೊಳ್ಳಿ ನಿಂತಿದ್ದಳು,
ತೋಟದ ಲೈನ್ ಮನೆ ಬಿಟ್ಟು
ಪೈಸಾರಿಯಲ್ಲಿ ಗುಡಿಸಲು ಹಾಕಿಕೊಂಡವಳು.
ಅವಳಿಗೂ ಒಂದು ಕಾಗದ ಬೇಕಂತೆ.
ಚೆಕ್ಕುಬಂದಿ ಹೇಳು, ಎಂದರು ಕಾಕ.

ಮೂಡಕ್ಕೆ ಆನೆ ಕಂದಕ.
ಪಡುವಕ್ಕೆ ಚಂಗಪ್ಪನವರ ತೋಟದ ಕರೆಂಟು ಬೇಲಿ.
ತೆಂಕಕ್ಕೆ ತೋಡು, ಬೇಸಿಗೆಯಲ್ಲಿ ಇರುವುದಿಲ್ಲ.
ಬಡಗಕ್ಕೆ
ಅವಳು ತಡೆದಳು
ಬಡಗಕ್ಕೆ ಅವ್ವನ ಹೂತ ಜಾಗ.

ನಾಲ್ಕನ್ನೂ ಬರೆದುಕೊಂಡರು, ಚೀಟಿಯಲ್ಲಿ, ಪೆನ್ಸಿಲಿನಲ್ಲಿ.
ಛಾಪಾ ಕಾಗದದ ಕಟ್ಟು ಬಿಚ್ಚಲಿಲ್ಲ.
"ಬರೆದುಕೊಡುವವರ ಹೆಸರು?"
"ಯಾರೂ ಕೊಟ್ಟದ್ದಲ್ಲ," ಅಂದಳು ಬೊಳ್ಳಿ. "ಇದ್ದದ್ದು."
ಕಾಕ ಕನ್ನಡಕ ತೆಗೆದು ಒರೆಸಿದರು.
ಒರೆಸುತ್ತಲೇ ಇದ್ದರು.

ರಾತ್ರಿ ಮತ್ತೆ ಕೂತೆ. ಕರೆಂಟು ಹೋಗಿ
ಇನ್ವರ್ಟರು ಕೀಟದ ಹಾಗೆ ಗುಂಯ್ ಎನ್ನುತ್ತಿತ್ತು.
ಪರೀಕ್ಷೆ ಮಾಡಿದವರ ಟಿಪ್ಪಣಿಯಲ್ಲಿ ಒಂದು ಮಾತಿತ್ತು,
ಮೊದಲ ದಿನ ದಾಟಿಕೊಂಡು ಹೋಗಿದ್ದೆ:
ಎಲ್ಲಿಯದೋ ಹಳೆಯ ಪ್ರೋಗ್ರಾಮೊಂದು
ಆ ಚಿಲ್ಲರೆ ಜಾಗದಲ್ಲಿ
ಹದಿನಾರು ಬೈಟಿನ ಗುರುತು ಇಟ್ಟುಕೊಂಡು
ಎಷ್ಟೋ ವರ್ಷದಿಂದ ನಡೆಯುತ್ತಿದೆ.
ಹೊಸ ಕರ್ನೆಲ್ಲಿನಲ್ಲಿ ಏಳಲಿಲ್ಲ.

ಬರೆದೆ:
ಕಡತದ ಅಂತ್ಯದಾಚೆಯ ಬೈಟುಗಳನ್ನು
ಕಡತ ಬೆಳೆಯುವ ಮುನ್ನ ಸೊನ್ನೆ ಮಾಡಲಾಗುತ್ತದೆ.
ಹಿಂದೆ ಹಾಗಿರಲಿಲ್ಲ.
ಅವು ಉಳಿಯುತ್ತವೆಂದು ನಂಬಿ ಬರೆದವರಿದ್ದಾರೆ.

ಕೊನೆಯ ವಾಕ್ಯಕ್ಕೆ ಬೆಳಗ್ಗೆಯೇ ಕೆಂಪು ಗೆರೆ ಬಿದ್ದಿತ್ತು.
ಪರಿಶೀಲಿಸುವ ಬೆಳ್ಯಪ್ಪ ನಿಷ್ಠುರದ ಮನುಷ್ಯ:
ತಪ್ಪು ಬಳಕೆ. ದಾಖಲಿಸುವ ಅಗತ್ಯವಿಲ್ಲ.
ತಪ್ಪು ಬಳಕೆಯೇ, ಹೌದು.
ಅಳಿಸಲು ಕೀಲಿಯ ಮೇಲೆ ಬೆರಳಿಟ್ಟೆ,
ಚಹಾ ಕುಡಿದು ಬಂದು ನೋಡೋಣ ಎಂದು
ಮೆಟ್ಟಿಲಿಳಿದೆ.

ಅಂಗಡಿಯ ಬಾಗಿಲು ಅರ್ಧ ತೆರೆದಿತ್ತು.
ಕಾಕ ನಮಾಜಿಗೆ ಹೋಗಿದ್ದರು.
ಮೇಜಿನ ಮೇಲೆ, ಗೋಂದಿನ ಬಾಟಲಿಯ ಅಡಿಯಲ್ಲಿ
ನಾಲ್ಕು ದಿಕ್ಕಿನ ಆ ಚೀಟಿ.
ಕೆಳಗೆ ಅರ್ಧ ಖಾಲಿ.
ಗೀಟು ಎಳೆದಿರಲಿಲ್ಲ.